ಯಾರು ಮಾಡಿದ ಕೋವಿ?

ಕೆಲವು ವರ್ಷಗಳ ಹಿಂದೆ ನಮ್ಮ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಒಂದು ಐತಿಹಾಸಿಕ ಸಿನಿಮಾದ ಶೂಟಿಂಗ್ ನಡೆಯುತ್ತಿತ್ತು. ಬೆಳಗಿನ ವಾಕಿಂಗ್ ಹೊರಟಿದ್ದ ನಾನು ನಿಂತು ನೋಡಿದೆ. ಪೇಟ, ನಿಲುವಂಗಿ, ನಡುಪಟ್ಟಿ ಎಲ್ಲ ಹದಿನೆಂಟನೇ ಶತಮಾನದವೇ. ಸಿಪಾಯಿಯ ಹೆಗಲ ಮೇಲಿದ್ದ ಕೋವಿ ಮಾತ್ರ ಬೋಲ್ಟ್ ಎಳೆದು ತೋಟೆ ಏರಿಸುವಂಥದ್ದು. ಟಿಪ್ಪು ಸತ್ತು ನಾಲ್ಕು ದಶಕವಾದ ಮೇಲೆ ಸೈನ್ಯಗಳ ಕೈಗೆ ಬಂದ ಜಾತಿ ಅದು. ಅಲ್ಲೇ ಓಡಾಡುತ್ತಿದ್ದ ಹುಡುಗನೊಬ್ಬನಿಗೆ ಮೆಲ್ಲಗೆ ಹೇಳಿದೆ. "ಅಂಕಲ್, ಹೊಗೆ ಬಂದ್ರೆ ಸಾಕು, ಅದನ್ನೆಲ್ಲ ಯಾರು ನೋಡ್ತಾರೆ?" ಅಂದ.

ನಾನು ನೋಡುತ್ತೇನಪ್ಪ. ನನ್ನ ಹಾಗೆ ನೋಡುವವರು ನಾಡಿನಲ್ಲಿ ಹತ್ತಿಪ್ಪತ್ತು ಜನ ಇದ್ದೇವು. ಬೀಗ, ಅಡಕತ್ತರಿ, ತಕ್ಕಡಿ ಅಂತ ಹಳೆಯ ಕಬ್ಬಿಣದ ಹಿಂದೆ ಬಿದ್ದಿರುವ ಈ ಅಂಕಣದಲ್ಲಿ ಕೋವಿಯ ಸರದಿ ಇಷ್ಟು ತಡವಾಗಿ ಬಂದದ್ದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮೂರಲ್ಲಿ ನೃತ್ಯಗ್ರಾಮವಿದೆ, 1990ರಲ್ಲಿ ಪ್ರೊತಿಮಾ ಬೇಡಿ ಕಟ್ಟಿದ ಒಡಿಸ್ಸಿ ಗುರುಕುಲ. ನೃತ್ಯ ನೋಡಿ ಕಣ್ಣು ಪಳಗಿದವರು ಕಲಾವಿದೆ ನಿಂತ ನಿಲುವಿನಿಂದಲೇ ಇದು ಯಾವ ಗುರುವಿನ ಬಾನಿ ಅನ್ನುತ್ತಾರೆ. ವೀಣೆಯಾದರೆ ಮೈಸೂರು ಬಾನಿಯೋ ತಂಜಾವೂರು ಬಾನಿಯೋ ಎಂದು ನಾಲ್ಕು ಮೀಟಿಗೆ ತಿಳಿಯುತ್ತದೆ. ಕೋವಿಗೂ ಬಾನಿ ಇದೆ ಎಂದರೆ ಮಾತ್ರ ಜನ ನಗುತ್ತಾರೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಯಾರೂ ನಗುವುದಿಲ್ಲ. ಹದಿನೆಂಟನೇ ಶತಮಾನದಲ್ಲಿ ಅಲ್ಲಿಗೆ ವಲಸೆ ಬಂದ ಜರ್ಮನ್, ಸ್ವಿಸ್ ಕುಶಲಕರ್ಮಿಗಳ ಜೊತೆ ಯೇಗರ್ ಎಂಬ ಗಿಡ್ಡನೆಯ, ಅಗಲ ಬಾಯಿಯ ಬೇಟೆ ರೈಫಲ್ಲೂ ಬಂತು. ಅವರ ಕೈಯಲ್ಲಿ ಅದು ವರ್ಷವರ್ಷಕ್ಕೂ ನೀಳವಾಯಿತು, ಸಪೂರವಾಯಿತು. ನಳಿಗೆ ಮೂರೂವರೆ ನಾಲ್ಕು ಅಡಿಗೆ ಬೆಳೆಯಿತು. ಬಾಯಿ ಅರ್ಧ ಅಂಗುಲದ ಆಸುಪಾಸಿಗೆ ಇಳಿಯಿತು. ಗುಂಡು ಚಿಕ್ಕದಾದರೆ ಅದೇ ಒಂದು ಪೌಂಡ್ ಸೀಸದಲ್ಲಿ ಹೆಚ್ಚು ಗುಂಡು ಎರಕ ಹೊಯ್ಯಬಹುದು. ಕಾಡಂಚಿನ ರೈತನಿಗೆ ಆ ಲೆಕ್ಕವೇ ದೊಡ್ಡದು. ಲಾಂಗ್‌ರೈಫಲ್ ಅಂದರೆ ಇದು. ಕೆಂಟಕಿ ರೈಫಲ್ ಎಂಬ ಹೆಸರು ಅಂಟಿದ್ದು ಆಮೇಲೆ. ಬೇಟೆಯಾಡಿದ ಊರು ಹೆಸರು ಪಡೆಯಿತು, ಮಾಡಿದ ಊರಿಗೆ ಸಿಗಲಿಲ್ಲ.

ಅಲ್ಲಿ ಒಂದೊಂದು ಕೌಂಟಿಗೆ ಒಂದೊಂದು ಬಾನಿ. ಕೋವಿಯ ಹಿಂಬದಿಯ ಮರದಲ್ಲಿ ಪುಟ್ಟ ಗೂಡು ಕೊರೆದು ಹಿತ್ತಾಳೆಯ ಮುಚ್ಚಳ ಹಾಕಿರುತ್ತಾರೆ, ಗುಂಡಿಗೆ ಸುತ್ತುವ ಬಟ್ಟೆಚೂರು ಇಡಲಿಕ್ಕೆ. ಆ ಮುಚ್ಚಳದ ತಲೆಯಲ್ಲಿ ಡೈಸಿ ಹೂವಿದ್ದರೆ ಲ್ಯಾಂಕಾಸ್ಟರ್ ಕಡೆಯದಿರಬೇಕು ಎಂದು ಮೊದಲ ಊಹೆ. ಹೆಗಲಿಗೆ ಆನಿಸುವ ಮರ ಬೆನ್ನು ಬಾಗಿಸಿಕೊಂಡು ಇಳಿದಿದ್ದರೆ ಲೀಹೈ ಕಣಿವೆಯದು. ಯಾರ್ಕ್ ಊರಿನ ಹಳೆ ಸಾಮಾನಿನ ವ್ಯಾಪಾರಿ ಜೋ ಕಿಂಡಿಗ್ ಜೂನಿಯರ್ 1960ರಲ್ಲಿ ಇವನ್ನೆಲ್ಲ ಊರುವಾರು ವಿಂಗಡಿಸಿ ದೊಡ್ಡ ಪುಸ್ತಕ ತಂದ. ಇವತ್ತು ಅಲ್ಲಿ ಮನೆಯ ಶೆಡ್ಡಿನಲ್ಲಿ ಕೂತು ರೈಫಲ್ ಮಾಡುವ ಹವ್ಯಾಸಿಯೂ ಉಳಿ ಎತ್ತುವ ಮೊದಲು ಯಾವ ಕೌಂಟಿ, ಯಾವ ದಶಕ ಎಂದು ನಿರ್ಧರಿಸುತ್ತಾನೆ. ಲ್ಯಾಂಕಾಸ್ಟರ್ ಮುಚ್ಚಳಕ್ಕೆ ಲೀಹೈ ಬಾಗು ಕೂಡಿಸಿದರೆ ಬಲ್ಲವರು ಮುಖ ಸಿಂಡರಿಸುತ್ತಾರೆ, ನಾವು ಇಡ್ಲಿಯ ಮೇಲೆ ಕೆಚಪ್ ಕಂಡಾಗ ಸಿಂಡರಿಸುವ ಹಾಗೆ.

ನಳಿಗೆಯ ಕೆಲಸವನ್ನು ಕೊಂಚ ವಿವರವಾಗಿ ಹೇಳದೆ ನನಗೆ ಸಮಾಧಾನವಿಲ್ಲ. ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ವ್ಯಾಲೇಸ್ ಗಸ್ಲರ್ ಎಂಬ ಕೋವಿಗಾರ ಕಬ್ಬಿಣದ ಪಟ್ಟಿಯಿಂದ ಶುರುಮಾಡಿ ಇಡೀ ರೈಫಲ್ಲನ್ನು ಹಳೆಯ ಕ್ರಮದಲ್ಲೇ ಮಾಡಿ ಮುಗಿಸುವುದನ್ನು 1969ರ ಒಂದು ಸಾಕ್ಷ್ಯಚಿತ್ರ ಹಿಡಿದಿಟ್ಟಿದೆ. ಕುಲುಮೆಯಲ್ಲಿ ಪಟ್ಟಿಯನ್ನು ಕಾಸಿ, ಸರಳಿನ ಸುತ್ತ ಮಡಚಿ, ಅಂಚಿಗೆ ಅಂಚು ಬಡಿದು ಬೆಸೆಯುತ್ತಾರೆ. ಒಂದು ಕಾವಿಗೆ ಒಂದೆರಡು ಅಂಗುಲ, ಅಷ್ಟೇ. ಕಾವು ಕಡಿಮೆಯಾದರೆ ಬೆಸುಗೆ ಹಿಡಿಯದು, ಹೆಚ್ಚಾದರೆ ಕಬ್ಬಿಣವೇ ಮತಾಪಿನ ಹಾಗೆ ಕಿಡಿ ಕಾರಿ ಉರಿದುಹೋಗುತ್ತದೆ. ಆಮೇಲೆ ಒಳಗೆ ಕೊರೆದು ನಯ ಮಾಡುವುದು, ಹೊರಗೆ ಅರ ಹಾಕಿ ಎಂಟು ಮುಖ ತೆಗೆಯುವುದು.

ಕೊನೆಗೆ ಒಳಗಿನ ಓರೆ ಗೆರೆ. ಒಂದು ಮರದ ದಿಂಡಿನ ಮೇಲೆ ಬಳ್ಳಿ ಸುತ್ತಿದ ಹಾಗೆ ಗೀರು ಕೊರೆದಿರುತ್ತಾರೆ. ಅದನ್ನು ತಳ್ಳಿದರೆ ಆ ಗೀರಿನ ದಾರಿಯಲ್ಲಿ ತಿರುಗುತ್ತ ಹೋಗುತ್ತದೆ. ತುದಿಯ ಸರಳೂ ತಿರುಗುತ್ತ ನಳಿಗೆಯೊಳಗೆ ನುಗ್ಗಿ ಬರುತ್ತದೆ. ಸರಳಿನ ಮೂತಿಗೆ ಗರಗಸದ ಹಲ್ಲಿನಂಥ ಉಕ್ಕಿನ ಚೂರು. ಒಂದು ಎಳೆತಕ್ಕೆ ಅದು ಹೆರೆಯುವುದು ಕೂದಲೆಳೆಯಷ್ಟು. ಹಲ್ಲು ಕಚ್ಚುವುದು ನಿಂತಿತೋ, ಅದರಡಿಗೆ ಒಂದು ತುಣುಕು ಕಾಗದ ಇಟ್ಟು ಎತ್ತರಿಸಿ ಮತ್ತೆ ಎಳೆಯುವುದು. ಸಾಮಾನ್ಯವಾಗಿ ಏಳು ಗೆರೆ, ನಾಲ್ಕು ಅಡಿಗೆ ಒಂದು ಸುತ್ತು. ಜಿಡ್ಡು ಸವರಿದ ಬಟ್ಟೆ ಸುತ್ತಿಕೊಂಡ ಗುಂಡು ಈ ಗೆರೆಗಳನ್ನು ಹಿಡಿದು ಬುಗುರಿಯ ಹಾಗೆ ತಿರುಗುತ್ತ ಹೊರಡುತ್ತದೆ. ತಿರುಗುವ ಬುಗುರಿ ಯಾಕೆ ಬೀಳುವುದಿಲ್ಲವೋ ಈ ಗುಂಡು ದಾರಿ ತಪ್ಪದಿರುವುದೂ ಅದಕ್ಕೇ.

ನನ್ನ ಕೆಲಸ ಇದರಲ್ಲಿ ಮರದ್ದು ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಕೋವಿ ಮಾಡುವುದು ಅಪರಾಧ, ಅದು ಇರಬೇಕಾದ ಕಾನೂನೇ. ಹಾಗಾಗಿ ನಳಿಗೆಯ ಜಾಗದಲ್ಲಿ ಎಂಟು ಮುಖದ ಮರದ ದಿಂಡು ಕೂರಿಸಿ ಗೋಡೆಗೆ ತೂಗುಹಾಕುವ ಮಾದರಿ ಮಾಡುತ್ತೇನೆ. ಮೊದಲ ಸಲ ನಮ್ಮ ತೋಟದ ಬದುವಿನಲ್ಲಿ ಕಡಿದ ಸಿಲ್ವರ್ ಓಕ್ ಹಲಗೆ ಹೊತ್ತು ಸೋಲದೇವನಹಳ್ಳಿ ರಸ್ತೆಯ ಬಡಗಿಯೊಬ್ಬರ ಹತ್ತಿರ ಹೋದೆ. ಹಲಗೆಯನ್ನು ಉಗುರಿನಿಂದ ಗೀರಿ, "ಸಾರ್, ಇದರಲ್ಲಿ ಪೆಟ್ಟಿಗೆ ಮಾಡಬೋದು, ಹೂ ಕೆತ್ತಕ್ಕಾಗಲ್ಲ, ಎದ್ದು ಬತ್ತದೆ" ಎಂದರು. "ನೋಡೋಣ ಆಚಾರ್ರೇ" ಎಂದು ಹಟ ಹಿಡಿದೆ. ಕೆನ್ನೆ ಆನಿಸುವ ಕಡೆ ಬಳ್ಳಿ ಕೆತ್ತುವಾಗ ಅವರು ಹೇಳಿದ ಹಾಗೆಯೇ ಅರ್ಧ ಬಳ್ಳಿ ಚಕ್ಕೆಯಾಗಿ ಹಾರಿತು. ಈಗ ಹಲಸಿಗೆ ಬಂದಿದ್ದೇನೆ. ಹಲಸು ಉಳಿಗೆ ಒಗ್ಗುತ್ತದೆ, ಎಣ್ಣೆ ಕುಡಿದಷ್ಟೂ ಬಣ್ಣ ಕೂಡುತ್ತದೆ.

ಅಮೆರಿಕದವರ ಮರ ಮೇಪಲ್. ಅದರಲ್ಲೂ ಅಡ್ಡಡ್ಡ ಪಟ್ಟೆ ಬಿದ್ದ ಮೇಪಲ್ಲಿಗೆ ಜೀವ ಬಿಡುತ್ತಾರೆ. ಮರ ಬೆಳ್ಳಗೇ ಇರುತ್ತದೆ. ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲ ಬಳಿದು ಕಾಸಿದ ಕಬ್ಬಿಣ ಹತ್ತಿರ ಹಿಡಿದರೆ ಒಮ್ಮೆಗೇ ಕೆಂಗಂದು ಏರಿ ಪಟ್ಟೆಗಳು ಮೇಲೇಳುತ್ತವೆ. ಆ ಮರಕ್ಕೆ ಅವರಿಟ್ಟ ಇನ್ನೊಂದು ಹೆಸರು ಹುಲಿ ಮೇಪಲ್.

ಹುಲಿ ಎಂದ ಮೇಲೆ ಶ್ರೀರಂಗಪಟ್ಟಣಕ್ಕೆ ಬರಲೇಬೇಕು. ಅದಕ್ಕೂ ಮೊದಲು ಒಂದು ಹಡಗಿನ ಕತೆ. 1782ರ ಏಪ್ರಿಲ್ 8ರಂದು ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ಕ್ಯಾಪ್ಟನ್ ತನಗಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿದ. ನಾನು ಬಾಯಲ್ಲಿ ಏನು ಕೂಗಿದರೂ ಅದಕ್ಕೆ ತದ್ವಿರುದ್ಧ ತಿರುಗಿಸು ಎಂದು ಚುಕ್ಕಾಣಿಯವನಿಗೆ ಮೊದಲೇ ಹೇಳಿಟ್ಟಿದ್ದನಂತೆ. ಶತ್ರು ಕಿವಿಯಾರೆ ಕೇಳಿ ಮೋಸಹೋದ. ಪೆನ್ಸಿಲ್ವೇನಿಯಾ ಸಂಸ್ಥಾನ ಸಜ್ಜುಗೊಳಿಸಿದ್ದ ಬಾರ್ನಿಯ ಆ ಹಡಗಿನ ಹೆಸರು 'ಹೈದರ್ ಅಲಿ'. ಇಂಗ್ಲಿಷರನ್ನು 1780ರಲ್ಲಿ ಪೊಳ್ಳಿಲೂರಿನಲ್ಲಿ ಬಗ್ಗುಬಡಿದ ನಮ್ಮ ಹೈದರಾಲಿಯೇ. ಹಡಗಿನ ಮೇಲೆ ಗುರಿಕಾರರಾಗಿ ನಿಂತವರು ಬಕ್ಸ್ ಕೌಂಟಿಯ ರೈಫಲ್‌ಗಾರರು. ಲಾಂಗ್‌ರೈಫಲ್ಲಿನ ನಾಡೂ ಮೈಸೂರಿನ ಹೆಸರೂ ಹೀಗೆ ಒಂದೇ ಹಡಗಟ್ಟದ ಮೇಲೆ ಕೂಡಿದ್ದವು. ಅದೇ ವರ್ಷ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ.

ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದ ಕೋವಿಗಳು ಚಕಮಕಿ ಕಲ್ಲಿನವು. ಯುರೋಪಿನ ಯಂತ್ರವನ್ನು ಬಿಚ್ಚಿ ನೋಡಿ ಅರ್ಥ ಮಾಡಿಕೊಂಡು ಮಾಡಿದವು, ಆದರೆ ಕಂಡ ಕೂಡಲೇ ಇದು ಪಟ್ಟಣದ್ದು ಎನ್ನಬಹುದು. ನಳಿಗೆಯ ಮೇಲೆ ಬಬ್ರಿ ಎಂಬ ಹುಲಿಪಟ್ಟೆ. ಕಲ್ಲು ಕಚ್ಚಿ ಹಿಡಿಯುವ ಕುದುರೆಯೇ ಎಷ್ಟೋ ಸಲ ಹುಲಿಯ ರೂಪದ್ದು. ಮಾಡಿದವರ ಹೆಸರೂ ಉಂಟು: ಸೈಯದ್ ಮಾಸೂಮ್, ಅಸದ್ ಖಾನ್ ಮುಹಮ್ಮದ್. ಜೊತೆಗೆ ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದೆ ಎಡದಿಂದ ಓದಿದವರು ಪೇಚಿಗೆ ಸಿಕ್ಕುತ್ತಾರೆ. ಪೆನ್ಸಿಲ್ವೇನಿಯಾದ ಕಸುಬುದಾರ ಮರದ ಹುಟ್ಟುಪಟ್ಟೆಯನ್ನು ಆಮ್ಲ ಬಳಿದು ಎಬ್ಬಿಸಿದ. ನಮ್ಮವನು ಕಬ್ಬಿಣದ ಮೈಯಲ್ಲೇ ಪಟ್ಟೆ ಮೂಡಿಸಿದ. ಕುಸುರಿಯಲ್ಲಿ ನಮ್ಮವನೇ ಒಂದು ಕೈ ಮೇಲು. ಗುರಿಯಲ್ಲಿ ಓರೆ ಗೆರೆಯ ಲಾಂಗ್‌ರೈಫಲ್ ಮೇಲು. ಪಕ್ಷಪಾತವಿಲ್ಲದೆ ಹೇಳುತ್ತಿದ್ದೇನೆ.

1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಆ ಕೋವಿಗಳು ಲೂಟಿಯಾಗಿ, ಉಡುಗೊರೆಯಾಗಿ ಇಂಗ್ಲೆಂಡಿನ ಅರಮನೆ, ಬಂಗಲೆಗಳನ್ನು ಸೇರಿದವು. ಅವುಗಳ ಮೇಲೆ ಕೂಲಂಕಷವಾದ ಪುಸ್ತಕ ಬರೆದವರೂ ಅಲ್ಲಿಯ ಸಂಗ್ರಾಹಕರೇ, ರಾಬಿನ್ ವಿಗಿಂಗ್ಟನ್, 1992ರಲ್ಲಿ. ನಮ್ಮಲ್ಲಿ ಉಳಿದದ್ದು ಆಗೊಮ್ಮೆ ಈಗೊಮ್ಮೆ ಮಣ್ಣಿನಿಂದ ಎದ್ದು ಬರುತ್ತದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರಿನ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವಲ್ಲ, ಹಾಗೆ.

ಸುಲ್ತಾನನ ಕೋವಿಗೆ ಪುಸ್ತಕವಾದರೂ ಆಯಿತು. ಮಲೆನಾಡಿನ ಕೇಪಿನ ಕೋವಿಗೆ? ನಳಿಗೆಯ ಬಾಯಿಂದ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವ ಆ ಕೋವಿ ತೋಟ ಕಾಯಲು ಮನೆಮನೆಯಲ್ಲಿ ಇತ್ತು. ಅದನ್ನು ಮಾಡಿದ, ರಿಪೇರಿ ಮಾಡಿದ ಆಚಾರಿಗಳಿದ್ದರು. ಅವರ ಕೈಬಾನಿಯನ್ನು ಊರುವಾರು ವಿಂಗಡಿಸಿದ ಪುಸ್ತಕವನ್ನು ನಾನಿನ್ನೂ ಕಂಡಿಲ್ಲ. ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದಿನಂದು ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದನ್ನು ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆದರೆ ನಾನು ಹೋದ ಮನೆಗಳಲ್ಲಿ ಪೂಜೆಗಿಟ್ಟದ್ದು ಹೆಚ್ಚಾಗಿ ಕಾರ್ಖಾನೆಯ ಜೋಡುನಳಿಗೆ. ಅಜ್ಜನ ಹೆಸರು ಕೇಳಿದರೆ ಏಳು ತಲೆಮಾರು ಹೇಳುವವರೂ ಕೋವಿ ಮಾಡಿದವನ ಹೆಸರು ಕೇಳಿದರೆ ಸುಮ್ಮನಾಗುತ್ತಾರೆ.

ಸುಮ್ಮನಾಗುವವರಲ್ಲಿ ನಾನೂ ಒಬ್ಬ. ತೀರ್ಥಹಳ್ಳಿ ಕಡೆಯ ನನ್ನ ತಾಯಿಯ ತಂದೆಯ ಬಳಿ ಬೀಟೆ ಮರದ ಹಿಡಿಯ ಒಂಟಿನಳಿಗೆ ಕೇಪಿನ ಕೋವಿಯಿತ್ತು. ಹದಿನಾರರ ವಯಸ್ಸಿನಲ್ಲಿ ದಸರಾ ರಜೆಗೆ ಹೋಗಿದ್ದಾಗ ಆಯುಧಪೂಜೆಗೆ ಅದು ಹೊಳೆಯಲಿ ಎಂದು ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಒಂದು ಮಧ್ಯಾಹ್ನವಿಡೀ ತಿಕ್ಕಿದೆ. ನಳಿಗೆ ಬೆಳ್ಳಿಯಂತಾಯಿತು. ಅಜ್ಜ ಬಂದು ಕೈಯಲ್ಲಿ ಹಿಡಿದು, ನಳಿಗೆಯ ಬುಡದ ಮೇಲೆ ಹೆಬ್ಬೆರಳು ಆಡಿಸಿದರು. "ಇಲ್ಲಿ ಅಕ್ಷರ ಇತ್ತಲ್ಲೋ ಮಾರಾಯ" ಎಂದರು. ಬೈಯಲಿಲ್ಲ. ಅವರಿಗೆ ಓದು ಬರುತ್ತಿರಲಿಲ್ಲ, ಆದ್ದರಿಂದ ಅಲ್ಲಿ ಏನು ಬರೆದಿತ್ತೆಂದು ಈಗ ಹೇಳುವವರು ಯಾರೂ ಇಲ್ಲ.

ಆದ್ದರಿಂದ ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ಅಟ್ಟದಲ್ಲಿ ಹಳೆಯ ಕೋವಿ ಇದ್ದರೆ ತಿಕ್ಕಬೇಡಿ, ವಾರ್ನಿಶ್ ಬಳಿಯಬೇಡಿ. ನಳಿಗೆಯ ಕಂದುಬಣ್ಣ ಕೊಳೆಯಲ್ಲ. ಒಣಬಟ್ಟೆ, ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಸಾಕು. ನಳಿಗೆಯ ಬುಡ, ಕುದುರೆ ಕೂರುವ ತಗಡು ಇವೆರಡನ್ನು ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ. ಸವೆದ ಅಕ್ಷರ ಆಗಲೇ ಕಾಣುವುದು. ಆದರೆ ಕೋವಿ ಮುಟ್ಟುವ ಮೊದಲು ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ನೀವೂ ಪಕ್ಕಕ್ಕೆ ನಿಂತು, ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಟ್ಟು ಗುರುತು ಮಾಡಿಕೊಳ್ಳಿ. ಅದೇ ಗಜವನ್ನು ಹೊರಗಡೆ ಒತ್ತಿಟ್ಟು ನೋಡಿ. ಒಳಗೆ ಬುಡದವರೆಗೆ ಹೋಗದೆ ಮೂರ್ನಾಲ್ಕು ಅಂಗುಲ ಮೊದಲೇ ನಿಂತಿದ್ದರೆ ಕೋವಿಯಲ್ಲಿ ಮದ್ದಿದೆ ಎಂದೇ ತಿಳಿಯಿರಿ. ನೀವಾಗಿ ತೆಗೆಯಲು ಹೋಗಬೇಡಿ, ಲೈಸೆನ್ಸ್ ಇರುವ ಕೋವಿ ಅಂಗಡಿಯವರಿಗೆ ತಿಳಿಸಿ. ಕಪ್ಪು ಮದ್ದು ಒಣಗಿದ್ದರೆ ನೂರು ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ.