ಮುನಿಸಿಕೊಳ್ಳುವ ಗೊಂಬೆಗಳು

ಕಂಪ್ಯೂಟರಿನ ಪರದೆಯ ಮೇಲೆ ಒಂದು ಲೋಕವನ್ನು ಕಟ್ಟಿ, ಅದರೊಳಗೆ ತಾವಾಗಿಯೇ ಮಾತಾಡುವ, ನಡೆದಾಡುವ ಪಾತ್ರಗಳನ್ನು ಬಿಡುವ ಪ್ರಯತ್ನ ಕೆಲವು ದಶಕಗಳಿಂದ ನಡೆದಿದೆ. ಆ ಪಾತ್ರಗಳು ನೈಜವೋ ಅಲ್ಲವೋ ಎಂಬ ತೀರ್ಪನ್ನು ತಂತ್ರಜ್ಞರಿಗೇ ಬಿಟ್ಟುಬಿಡುವುದು ವಾಡಿಕೆ. ಆದರೆ ಪಾತ್ರವೆಂದ ಮೇಲೆ, ಸಂಘದ ರಂಗಮಂಚದಲ್ಲಿ ನಾಟಕ ನೋಡುವ ನಮಗೂ ಅಲ್ಲಿ ಒಂದು ಮಾತು ಹೇಳುವ ಹಕ್ಕಿದೆ.

ಅಮೆರಿಕದ ಮೈಕೆಲ್ ಮಟೀಯಸ್ ಮತ್ತು ಆಂಡ್ರ್ಯೂ ಸ್ಟರ್ನ್ ಇಬ್ಬರೂ ಐದು ವರ್ಷ ದುಡಿದು 2005ರಲ್ಲಿ ಹೊರತಂದ 'ಫಸಾಡ್' ಎಂಬುದು ಸುಮಾರು ಇಪ್ಪತ್ತು ನಿಮಿಷದ ಆಟ, ನಾಟಕವೆಂದರೂ ಸಲ್ಲುತ್ತದೆ. ಗ್ರೇಸ್ ಮತ್ತು ಟ್ರಿಪ್ ಎಂಬ ದಂಪತಿಗಳ ಮನೆಗೆ ನಾವು ಹಳೆಯ ಸ್ನೇಹಿತರಾಗಿ ಹೋಗುತ್ತೇವೆ. ಕುಡಿಯಲು ಏನು ಕೊಡಬೇಕೆಂಬುದರಿಂದ ಹಿಡಿದು ಮನೆಯ ಅಲಂಕಾರದವರೆಗೆ ಪ್ರತಿಯೊಂದಕ್ಕೂ ಅವರಲ್ಲಿ ಚುಚ್ಚುಮಾತು. ನಾವು ಟೈಪು ಮಾಡಿದ ಮಾತು ಯಾರ ಪರ ವಾಲುತ್ತದೆಂದು ಇಬ್ಬರೂ ಲೆಕ್ಕ ಹಾಕುತ್ತಾರೆ. ಮಿತಿಮೀರಿದರೆ ಟ್ರಿಪ್ ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಾನೆ. ದೋಷಗಳು ಇಲ್ಲದಿಲ್ಲ. ಯಂತ್ರ ನಮ್ಮ ವಾಕ್ಯವನ್ನು ಹೊಗಳಿಕೆ, ತೆಗಳಿಕೆ, ಸಾಂತ್ವನ ಮುಂತಾದ ಕೆಲವೇ ಬಗೆಗಳಲ್ಲಿ ತುರುಕಿ ಅರ್ಥ ಮಾಡಿಕೊಳ್ಳುತ್ತದೆ. ಎಷ್ಟೋ ಸಲ ಅಪಾರ್ಥವೇ ಆಗುತ್ತದೆ. ಚಿತ್ರಗಳೂ ಒರಟು. ಆದರೂ ಚಿತ್ರಕಲೆಯ ಕನಸನ್ನು ಬಿಟ್ಟುಕೊಟ್ಟ ಗ್ರೇಸಳ ಅಸಮಾಧಾನ ನಮ್ಮನ್ನು ತಟ್ಟುತ್ತದೆ. ಅವಳಿಗೆ ನಮ್ಮಿಂದ ಏನೋ ಬೇಕಾಗಿದೆ, ಅದೇ ಕಾರಣ.

ಇನ್ನೊಂದು, 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್‌ನ ಸಂಶೋಧಕರು ಕಟ್ಟಿದ 'ಸ್ಮಾಲ್‌ವಿಲ್' ಎಂಬ ಊರು. ಇಲ್ಲಿ 25 ಪಾತ್ರಗಳು, ಮಾತು ಚಾಟ್‌ಜಿಪಿಟಿಯದು. ಪ್ರತಿ ಪಾತ್ರಕ್ಕೂ ನೆನಪಿನ ಕಡತವಿದೆ, ದಿನಚರಿ ಇದೆ. ಕೆಫೆಯ ಇಸಬೆಲ್ಲಾ ವ್ಯಾಲೆಂಟೈನ್ ದಿನದ ಪಾರ್ಟಿಗೆ ಹನ್ನೆರಡು ಜನರನ್ನು ಕರೆದಳು, ಬಂದವರು ಐವರು. ಬಾರದವರಲ್ಲಿ ನಾಲ್ವರು ಆಸಕ್ತಿ ತೋರಿಸಿದ್ದವರೇ. (ಸಂಘದ ಕಾರ್ಯದರ್ಶಿಗಳಿಗೆ ಈ ಲೆಕ್ಕ ಹೊಸದೇನಲ್ಲ!) ಪಾರ್ಟಿ ಮಾಡುವ ಇಚ್ಛೆಯನ್ನು ಸಂಶೋಧಕರೇ ಇಸಬೆಲ್ಲಾಳಿಗೆ ಕೊಟ್ಟಿದ್ದರು; ಉಳಿದದ್ದು, ಸುದ್ದಿ ಬಾಯಿಂದ ಬಾಯಿಗೆ ಹರಡಿ ತಾನಾಗಿ ನಡೆದದ್ದು. ಈ ಸಾಧನೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಆದರೆ ಆ ಊರಿನ ಮಾತುಕತೆ ಕೇಳಬೇಕು! ಮೇ ಎಂಬಾಕೆ ಸ್ವಂತ ಗಂಡನಿಗೆ ವಿಧ್ಯುಕ್ತವಾಗಿ ವಂದನೆ ಹೇಳಿ ಮಾತು ಶುರು ಮಾಡುತ್ತಾಳೆ. ನಿಮ್ಮೊಡನೆ ಮಾತಾಡಿದ್ದು ಸಂತೋಷವಾಯಿತು ಎಂಬ ಧಾಟಿಯಲ್ಲಿ ಮುಗಿಸುತ್ತಾಳೆ. ನಮ್ಮ ಮನೆಗಳಲ್ಲಿ ಒಂದು 'ರೀ' ಎಂಬ ಕರೆಯಲ್ಲೇ ಸಿಟ್ಟು, ಸಲಿಗೆ, ತರಕಾರಿಯ ಪಟ್ಟಿ ಎಲ್ಲವೂ ಅಡಗಿರುತ್ತವೆ. ಇಸಬೆಲ್ಲಾಳ ಅವಸ್ಥೆ ಇನ್ನೂ ವಿಚಿತ್ರ: ಪಾರ್ಟಿಯಲ್ಲಿ ಷೇಕ್ಸ್‌ಪಿಯರ್ ಓದೋಣವೆಂದು ಯಾರೋ ಸೂಚಿಸಿದರೆ ಬೇಡವೆನ್ನಲಾರದೆ, ಕೊನೆಗೆ ತನಗೆ ಇಂಗ್ಲಿಷ್ ಸಾಹಿತ್ಯವೆಂದರೆ ಬಹಳ ಇಷ್ಟ ಎಂದೇ ನಂಬಿಬಿಡುತ್ತಾಳೆ. ವಿನಯ, ಸಹಕಾರ ಕಲಿಸಿ ತಯಾರಿಸಿದ ಭಾಷಾಯಂತ್ರದಿಂದ ಬಂದ ಗುಣವಿದು ಎಂದು ಸಂಶೋಧಕರೇ ಪ್ರಾಮಾಣಿಕವಾಗಿ ಬರೆದಿದ್ದಾರೆ.

ಇದನ್ನು ಸಣ್ಣ ಕುಂದೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಪರದೆಯ ಪಾತ್ರಗಳೊಡನೆ ಹರಟುವ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಸ್ನೇಹಿತ ಅವರಿಗೆ ರೂಢಿಯಾದರೆ, ಪಕ್ಕದ ಮನೆಯ ಹುಡುಗ ಬ್ಯಾಟು ಕೊಡುವುದಿಲ್ಲ ಎಂದಾಗ ಏನು ಮಾಡಿಯಾರು? ಇಪ್ಪತ್ತೈದು ಮಂದಿ ಸಭ್ಯರ ಊರಿಗಿಂತ ಜಗಳಗಂಟ ದಂಪತಿಗಳ ಆ ಒಂದು ಕೋಣೆಯೇ ನಮಗೆ ಹೆಚ್ಚು ಮಾನುಷವೆನಿಸಿದ್ದು ಇದಕ್ಕಾಗಿಯೇ.

ಫಸಾಡ್‌ನ ಕೊರತೆ ಬೇರೆಯದು. ಪ್ರತಿ ಆಟದಲ್ಲೂ ಗ್ರೇಸ್ ಹಿಂದಿನದನ್ನೆಲ್ಲ ಮರೆತು ಹೊಸದಾಗಿ ನಮ್ಮನ್ನು ಎದುರುಗೊಳ್ಳುತ್ತಾಳೆ. ಸ್ಮಾಲ್‌ವಿಲ್‌ನ ನೆನಪಿನ ಕಡತವನ್ನು ಯಾರಾದರೂ ಅವಳಿಗೆ ಕೊಟ್ಟರೆ ನಾವು ಮತ್ತೊಮ್ಮೆ ಹೋಗಿ ನೋಡಲು ಸಿದ್ಧ. ನಿನ್ನೆ ನಾವಾಡಿದ ಮಾತನ್ನು ನೆನೆದು, ಬಾಗಿಲು ತಟ್ಟಿದರೂ ಅವಳು ನಮ್ಮನ್ನು ಒಳಗೆ ಬಿಡಗೊಡದೆ ಇರಬಹುದು.