ಕ್ರಮವಿಧಿ ಬೋಧನೆಯ ಅಂತರ್ಜಾಲ ಪಾಠಗಳು: ಒಂದು ವಿಮರ್ಶೆ

ಗಣಕಕ್ಕೆ ಕ್ರಮವಿಧಿ ಬರೆಯುವುದನ್ನು ಕಲಿಸಲು ಮುಂಬಯಿಯ ಐ.ಐ.ಟಿ. ಸಿದ್ಧಪಡಿಸಿರುವ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳು ಕನ್ನಡದಲ್ಲಿಯೂ ದೊರೆಯುತ್ತವೆ. ಸುಮಾರು 10 ನಿಮಿಷಗಳ ಈ ಪಾಠಗಳಲ್ಲಿ ವಿವರಣೆ ಕನ್ನಡದಲ್ಲಿ ಕೇಳಿಬರುತ್ತದೆ. ತೆರೆಯ ಮೇಲಿನ ಬರಹ ಮಾತ್ರ ಇಂಗ್ಲಿಷಿನದು. ವಿದ್ಯಾರ್ಥಿಯು ಪಾಠವನ್ನು ನೋಡುತ್ತ, ನಡುನಡುವೆ ನಿಲ್ಲಿಸುತ್ತ, ತನ್ನ ಗಣಕದಲ್ಲಿ ಅದನ್ನೇ ಮಾಡಿ ನೋಡಬೇಕೆಂಬುದು ಇದರ ಕ್ರಮ. ಕನ್ನಡ ಮಾಧ್ಯಮದಲ್ಲಿ ಓದಿ ಅಜ್ಜಂಪುರದಂತಹ ಊರಿನಿಂದ ಪದವಿ ತರಗತಿಗೆ ಬರುವವನಿಗೆ ಇದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಅನುಕರಣವೇ ಅರಿವಲ್ಲ. ಕ್ರಮವಿಧಿಗಳಲ್ಲಿ ಮೊದಮೊದಲೇ ಎದುರಾಗುವ 'ಎಕ್ಸ್ = ಎಕ್ಸ್ + 1' ಎಂಬ ಸಾಲನ್ನು ತೆಗೆದುಕೊಳ್ಳೋಣ. ಬೀಜಗಣಿತ ಕಲಿತವನಿಗೆ ಇದು ಶುದ್ಧ ಅಸತ್ಯ. ಇಲ್ಲಿ ಆ ಚಿಹ್ನೆ ಸಮತೆಯನ್ನು ಸಾರುವುದಿಲ್ಲ. ಬಲಗಡೆಯ ಬೆಲೆಯನ್ನು ಎಣಿಸಿ ಎಡಗಡೆಯ ಹೆಸರಿನಲ್ಲಿ ಇಡೆಂದು ವಿಧಿಸುತ್ತದೆ. ಸಾಲನ್ನು ಇದ್ದಂತೆಯೇ ನಕಲು ಮಾಡಿದವನಿಗೆ ಸರಿಯುತ್ತರ ಬಂದೀತು. ಅವನ ತಪ್ಪುಗ್ರಹಿಕೆ ಪಾಠಕ್ಕೆ ತಿಳಿಯದು. 2010ರಲ್ಲಿ ಫಿಲಿಪ್ ಗುವೊ ರೂಪಿಸಿದ 'ಪೈಥಾನ್ ಟ್ಯೂಟರ್' ಈ ಕೊರತೆಯನ್ನು ಭಾಗಶಃ ತುಂಬುತ್ತದೆ: ವಿದ್ಯಾರ್ಥಿಯೇ ಬರೆದ ಕ್ರಮವಿಧಿಯ ಒಂದೊಂದು ಹೆಜ್ಜೆಯಲ್ಲಿಯೂ ಯಾವ ಹೆಸರಿಗೆ ಯಾವ ಬೆಲೆ ಎಂಬುದನ್ನು ಚಿತ್ರಿಸಿ ತೋರಿಸುತ್ತದೆ. ಆದರೆ ಅದರ ಮಾತು ಇಂಗ್ಲಿಷು.

ಒಂದಕ್ಕೆ ನಮ್ಮ ಭಾಷೆಯಿದೆ. ಇನ್ನೊಂದಕ್ಕೆ ನಮ್ಮ ತಪ್ಪನ್ನು ಬಯಲು ಮಾಡುವ ಶಕ್ತಿಯಿದೆ. ಇವೆರಡೂ ಕೂಡಿಬರುವವರೆಗೆ, ಮುಂದಿನ ಸಾಲಿಗೆ ಹೋಗುವ ಮುನ್ನ "ಈಗ ಎಕ್ಸ್‌ನ ಬೆಲೆ ಎಷ್ಟು?" ಎಂದು ಕನ್ನಡದಲ್ಲಿ ಕೇಳಿ, ಉತ್ತರಕ್ಕೆ ಕಾಯುವ ಹೊಣೆ ಅಧ್ಯಾಪಕನದೇ.