ಚೀಲ ಬಿಚ್ಚುವ ಮೊದಲೇ

ನಾಗಪುರದ ಮನೀಶ್ ನಗರದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರ. ಮುಂಬೈಗೆ ರೈಲಿನಲ್ಲಿ ಎಂಟುನೂರು ಚಿಲ್ಲರೆ ಕಿಲೋಮೀಟರ್, ಪೂರ್ವದ ಕಡಲೂ ಹತ್ತಿರವೇನಲ್ಲ. ಇಂಥ ಊರಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ತಮ್ಮ ಸಮುದ್ರವನ್ನು ಬಕೆಟ್ಟಿನಲ್ಲಿ ತಾವೇ ಕಲಸಿಕೊಳ್ಳಬೇಕು. ಲೀಟರಿಗೆ ಸುಮಾರು 35 ಗ್ರಾಂ ಲವಣ. ಅದೂ ಅಡುಗೆ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಎಲ್ಲ ಅಳತೆಯಲ್ಲಿ ಸೇರಿಸಿದ ರೀಫ್ ಸಾಲ್ಟ್. ಹೀಗೆ ಮಾಡಿಕೊಂಡ ನೀರು ನಿಜವಾಗಿ ಸಮುದ್ರವಾಗಿದೆಯೇ ಇಲ್ಲವೇ ಎಂಬುದನ್ನು ಅನಿಮೋನ್‌ನಷ್ಟು ಖಚಿತವಾಗಿ ಹೇಳುವ ಜೀವಿ ಮತ್ತೊಂದಿಲ್ಲ.

ನಮ್ಮ ಬಡಾವಣೆಯಲ್ಲೇ ಕುಮಟಾ ಕಡೆಯ ಹುಡುಗನೊಬ್ಬನಿದ್ದಾನೆ, ಇಲ್ಲಿನ ಮಿಹಾನ್ ಕೈಗಾರಿಕಾ ವಲಯದಲ್ಲಿ ಕೆಲಸ. ಮುಂಬೈಯಿಂದ ಬಬಲ್ ಟಿಪ್ ಅನಿಮೋನ್ ತರಿಸುತ್ತಿದ್ದೇನೆ ಎಂದು ಹೇಳಲು ಮೊನ್ನೆ ಮನೆಗೆ ಬಂದಿದ್ದ. “ಸರ್, ಮೀನಿಗೆ ಮಾಡೋ ಹಾಗೆ ಚೀಲಾನ ಅರ್ಧ ಗಂಟೆ ತೇಲಿಬಿಟ್ಟು, ಆಮೇಲೆ ಒಳಗೆ ಬಿಟ್ರೆ ಆಗೋದಿಲ್ವಾ? ನಮ್ಮೂರ ಬಂಡೆ ಮೇಲಿರೋವು ಮಳೆ, ಬಿಸಿಲು ಎಲ್ಲಾ ತಡ್ಕೊಂಡೇ ಇರ್ತಾವಲ್ಲ” ಎಂದ.

“ಅವು ಬೇರೆ, ಇದು ಬೇರೆ ಮಾರಾಯ” ಎಂದೆ. ಆ ವ್ಯತ್ಯಾಸವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಕರಾವಳಿಯಲ್ಲಿ ಬೆಳೆದವರೆಲ್ಲ ಇದೇ ನಂಬಿಕೆಯಿಂದ ಶುರುಮಾಡುತ್ತಾರೆ. ಕಾರವಾರದಿಂದ ಉಳ್ಳಾಲದವರೆಗೆ ಬಂಡೆಗಳ ಸಂದಿಯಲ್ಲಿ ಸಿಗುವ ಅನಿಮೋನ್‌ಗಳು ಭರತ–ಇಳಿತದ ನಡುವೆ ಬಾಳುವಂಥವು. ನೀರಿಳಿದಾಗ ಕರಬಳ್ಳಿಗಳನ್ನು ಒಳಗೆಳೆದುಕೊಂಡು ಲೋಳೆಯ ಮುದ್ದೆಯಾಗಿ ಕೂರುತ್ತವೆ. ಬಿಸಿಲಿಗೆ ಕಾಯುತ್ತವೆ, ಆಷಾಢದ ಮಳೆಗೆ ತೋಯುತ್ತವೆ, ಮತ್ತೆ ಭರತ ಬಂದಾಗ ಅರಳುತ್ತವೆ. ಅಂಗಡಿಯಲ್ಲಿ ನಾವು ಕೊಳ್ಳುವುದು ಹವಳದ ದಿಬ್ಬಗಳ ಜೀವಿ. ಅಲ್ಲಿ ಹಗಲಿಗೂ ಇರುಳಿಗೂ, ಬೇಸಿಗೆಗೂ ಮಳೆಗಾಲಕ್ಕೂ ಲವಣಾಂಶ ಹೆಚ್ಚು ಕದಲುವುದಿಲ್ಲ. ಬದಲಾವಣೆಯನ್ನು ತಾಳುವ ಅಭ್ಯಾಸವೇ ಅದರ ಮೈಗಿಲ್ಲ.

ಮೈಯಾದರೂ ಎಂಥದ್ದು? ಮೂಳೆಯಿಲ್ಲ, ಚಿಪ್ಪಿಲ್ಲ, ಮೂತ್ರಪಿಂಡವಿಲ್ಲ. ಒಡಲೊಳಗೆ ಎಳೆದುಕೊಂಡ ಸಮುದ್ರದ ನೀರಿನ ಒತ್ತಡದಿಂದಲೇ ಅದು ನೆಟ್ಟಗೆ ನಿಲ್ಲುವುದು. ಮೀನು ಹೊರಗಿನ ಉಪ್ಪು ಎಷ್ಟೇ ಇದ್ದರೂ ಕಿವಿರು, ಮೂತ್ರಪಿಂಡಗಳ ನೆರವಿನಿಂದ ತನ್ನ ರಕ್ತದ ಲವಣಾಂಶವನ್ನು ಒಂದು ಮಟ್ಟದಲ್ಲಿ ಕಾಯ್ದುಕೊಳ್ಳುತ್ತದೆ. ಅನಿಮೋನ್‌ಗೆ ಅಂಥ ಏರ್ಪಾಡಿಲ್ಲ. ಹೊರಗಿನ ನೀರಿನಲ್ಲಿ ಉಪ್ಪು ಏಕಾಏಕಿ ಏರಿದರೆ ಅದರ ಜೀವಕೋಶಗಳಿಂದ ನೀರು ಹೊರಗೆ ಸೋರುತ್ತದೆ, ಇಳಿದರೆ ಒಳಗೆ ನುಗ್ಗುತ್ತದೆ. ಆದ್ದರಿಂದ ಒಗ್ಗಿಸುವ ಕೆಲಸದಲ್ಲಿ ಮೊದಲ ಲೆಕ್ಕ ಉಪ್ಪಿನದು, ಬಿಸಿಯದು ಆಮೇಲೆ. ಚೀಲ ತೇಲಿಬಿಡುವುದರಿಂದ ಸರಿಹೋಗುವುದು ಬಿಸಿ ಮಾತ್ರ.

ಇಲ್ಲಿ ಅಂಗಡಿಗಳ ಒಂದು ರೂಢಿಯನ್ನು ತಿಳಿದಿರಬೇಕು. ಎಷ್ಟೋ ಕಡೆ ಸಮುದ್ರದ ಮೀನುಗಳನ್ನು ಸಾಪೇಕ್ಷ ಸಾಂದ್ರತೆ 1.020ರ ಆಸುಪಾಸಿನ ತೆಳು ಉಪ್ಪುನೀರಿನಲ್ಲಿ ಇಡುತ್ತಾರೆ. ಮೀನಿನ ಪರೋಪಜೀವಿಗಳು ಹತೋಟಿಗೆ ಬರುತ್ತವೆ ಎಂಬುದು ಅವರ ಲೆಕ್ಕ, ಉಪ್ಪೂ ಉಳಿಯುತ್ತದೆ. ಅದೇ ಸಾಲಿನ ಟ್ಯಾಂಕಿನಲ್ಲಿ ಅನಿಮೋನ್ ಇದ್ದರೆ ಅದು ಬರುವುದು ಸಾವಿರಕ್ಕೆ 27ರ ಲವಣಾಂಶದಿಂದ. ನಮ್ಮ ಟ್ಯಾಂಕು 1.026, ಅಂದರೆ 35. ನಡುವಿನ ಎಂಟರ ಅಂತರವೇ ಅದನ್ನು ಮಲಗಿಸುವುದು. ಹಾಗಾಗಿ ಬೆಲೆ ಕೇಳುವುದಕ್ಕೆ ಮೊದಲು ನೀರಿನ ಉಪ್ಪು ಎಷ್ಟೆಂದು ಕೇಳಿ. ಕೊಡುವವರ ಟ್ಯಾಂಕು 1.025 ಇದ್ದರೆ ಮುಂದೆ ಹೇಳುವ ಹನಿಯ ಕೆಲಸವೆಲ್ಲ ಬೇಡ. ಚೀಲವನ್ನು ಇಪ್ಪತ್ತು–ಮೂವತ್ತು ನಿಮಿಷ ತೇಲಿಸಿ, ಜೀವಿಯನ್ನು ಮಾತ್ರ ಎತ್ತಿ ಒಳಗಿಡಿ.

ಕೊಳ್ಳುವಾಗ ಬಾಯಿ ನೋಡಿ, ಬಿಗಿಯಾಗಿ ಮುಚ್ಚಿರಬೇಕು. ಪಾದ ನೋಡಿ, ಹರಿದಿರಬಾರದು. ಹಾಲಿನಂತೆ ಬೆಳ್ಳಗಿದ್ದರೆ ಅದು ಚೆಲುವಲ್ಲ. ಒಳಗಿದ್ದು ಬೆಳಕಿನಿಂದ ಊಟ ಒದಗಿಸುವ ಪಾಚಿಯನ್ನು ಅದು ಕಳೆದುಕೊಂಡಿದೆ ಎಂದರ್ಥ. ಕಣ್ಣು ಕುಕ್ಕುವ ಹಳದಿಯೋ ನೀಲಿಯೋ ಇದ್ದರೆ ಬಣ್ಣ ಹಾಕಿರುವ ಸಾಧ್ಯತೆಯೇ ಹೆಚ್ಚು. ಡಾಫ್ನೆ ಫೌಟಿನ್ ಮತ್ತು ಜೆರಾಲ್ಡ್ ಅಲೆನ್ 1992ರ ತಮ್ಮ ಕೈಪಿಡಿಯಲ್ಲಿ ಕ್ಲೌನ್ ಮೀನಿಗೆ ಆಶ್ರಯ ಕೊಡುವ 10 ಜಾತಿಯ ಅನಿಮೋನ್‌ಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಮನೆಗೆ ಹೊಂದುವುದು ಬಬಲ್ ಟಿಪ್ ಒಂದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಟ್ಯಾಂಕಿನಲ್ಲೇ ಉದ್ದಕ್ಕೆ ಸೀಳಿಕೊಂಡು ಎರಡಾಗುತ್ತದೆ. ಇನ್ನೊಬ್ಬ ಹವ್ಯಾಸಿಯ ಟ್ಯಾಂಕಿನಲ್ಲಿ ಹಾಗೆ ಒಡೆದ ಮರಿ ಸಿಕ್ಕರೆ ದುಪ್ಪಟ್ಟು ಕೊಟ್ಟಾದರೂ ಅದನ್ನೇ ತನ್ನಿ. ದಿಬ್ಬದಿಂದ ಕಿತ್ತು ತಂದ ಕಾರ್ಪೆಟ್ ಅನಿಮೋನ್ ಬೇಡವೇ ಬೇಡ. ಹವಳ ಅಂಟಿಕೊಂಡ ಕಲ್ಲು ಜೊತೆಗೆ ಬಂದರಂತೂ ಮುಟ್ಟಬೇಡಿ. 2001ರಿಂದ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ನಾನು ಹೇಳುವುದು ಸ್ಕಾಟ್ಲೆಂಡಿನ ‘ಗ್ರ್ಯಾನಿ’ಯ ಕಥೆ. 1828ರಲ್ಲಿ ಜಾನ್ ಗ್ರಹಾಂ ಡಾಲ್ಯೆಲ್ ಎಂಬ ನಿಸರ್ಗ ವಿಜ್ಞಾನಿ ನಾರ್ತ್ ಬರ್ವಿಕ್‌ನ ಕರೆಯಿಂದ ಒಂದು ಕೆಂಪು ಅನಿಮೋನ್ ತಂದು ಗಾಜಿನ ಜಾಡಿಯಲ್ಲಿಟ್ಟ. ಪಂಪಿಲ್ಲ, ಫಿಲ್ಟರಿಲ್ಲ, ಕಡಲಿಂದ ತಂದ ನೀರನ್ನು ಬದಲಾಯಿಸುತ್ತಿದ್ದದ್ದೇ ಆರೈಕೆ. ಡಾಲ್ಯೆಲ್ 1851ರಲ್ಲಿ ತೀರಿಕೊಂಡ. ಅನಿಮೋನ್ ಕೈಯಿಂದ ಕೈಗೆ ದಾಟುತ್ತ ಎಡಿನ್‌ಬರೋದಲ್ಲಿ ಬದುಕಿತು, ನೂರಾರು ಮರಿಗಳನ್ನು ಹಾಕಿತು, 1887ರ ಆಗಸ್ಟ್‌ನಲ್ಲಿ ಸತ್ತಿತು. ಐವತ್ತೊಂಬತ್ತು ವರ್ಷ! ಅದು ಇಳಿತದ ಬಂಡೆಯ ಗಟ್ಟಿ ಜಾತಿ, ನಿಜ. ಆದರೆ ಮುಪ್ಪಿನಿಂದ ಸಾಯಲು ಅವಸರವಿಲ್ಲದ ಕುಲ ಇದು. ನಮ್ಮ ಮನೆಗಳಲ್ಲಿ ತಿಂಗಳೊಪ್ಪತ್ತಿನಲ್ಲಿ ಸತ್ತರೆ ಕಾರಣವನ್ನು ನೀರಿನಲ್ಲೇ ಹುಡುಕಬೇಕು.

ಈಗ ಚೀಲದ ವಿಚಾರ. ಮುಂಬೈಯ ಮಾಲು ವಿದರ್ಭ ಎಕ್ಸ್‌ಪ್ರೆಸ್‌ನಲ್ಲಿ ಬರಲಿ, ಸೋನೆಗಾಂವ್‌ಗೆ ವಿಮಾನದಲ್ಲಿ ಬರಲಿ, ಕಟ್ಟಿದ ಹೊತ್ತಿನಿಂದ ಬಿಚ್ಚುವ ಹೊತ್ತಿಗೆ ಅರ್ಧ ದಿನಕ್ಕೆ ಕಡಿಮೆಯಿಲ್ಲ. ಅಷ್ಟು ಹೊತ್ತೂ ಅನಿಮೋನ್ ಉಸಿರಾಡಿರುತ್ತದೆ, ಲೋಳೆ ಬಿಟ್ಟಿರುತ್ತದೆ. ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ನೀರಿನ ಪಿಎಚ್ ಇಳಿದಿರುತ್ತದೆ, ಅಮೋನಿಯವೂ ಕೂಡಿಕೊಂಡಿರುತ್ತದೆ. ಪಿಎಚ್ ಇಳಿದಿರುವವರೆಗೆ ಆ ಅಮೋನಿಯ ಬಹುಪಾಲು ಅಮೋನಿಯಂ ರೂಪದಲ್ಲಿದ್ದು ಅಷ್ಟಾಗಿ ಕಾಡುವುದಿಲ್ಲ. ಚೀಲ ಬಿಚ್ಚಿದೊಡನೆ ಡೈಆಕ್ಸೈಡ್ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ. ಪಿಎಚ್ ಒಂದಂಕ ಏರಿದರೆ ವಿಷದ ರೂಪದ ಅಮೋನಿಯದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಎರಡು–ಮೂರು ಗಂಟೆ ಚೀಲದ ನೀರಿಗೇ ಹನಿ ಬಿಡಿ ಎಂಬ ಹಳೆಯ ಸಲಹೆಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಮನಸ್ಸು ಒಳ್ಳೆಯದೇ, ಆದರೆ ಆ ಮೂರು ಗಂಟೆ ಜೀವಿ ತನ್ನದೇ ಹೊಲಸಿನಲ್ಲಿ ಬೇಯುತ್ತದೆ.

ನನ್ನ ಕ್ರಮ ಹೀಗೆ. ಮಾಲು ಬರುವ ಮೊದಲೇ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂಗಡಿಯ ಲವಣಾಂಶದ್ದೇ ಹೊಸ ನೀರು ಸಿದ್ಧವಿರಬೇಕು. ಅಂಗಡಿಯದು 27, ನಮ್ಮದು 35 ಎಂದಿಟ್ಟುಕೊಂಡರೆ 770 ಮಿಲಿಲೀಟರ್ ಟ್ಯಾಂಕಿನ ನೀರಿಗೆ 230 ಮಿಲಿಲೀಟರ್ ಆರ್‌ಓ ನೀರು ಬೆರೆಸಿದರೆ ಒಂದು ಲೀಟರ್ ಸಿಕ್ಕಿತು. ಅದರಲ್ಲಿ ಸಣ್ಣ ಏರ್ ಪಂಪು ಓಡುತ್ತಿರಲಿ. ಚೀಲ ತೇಲಿಸಿ ಬಿಸಿ ಸಮವಾದ ಮೇಲೆ ಬಿಚ್ಚಿ, ರಿಫ್ರಾಕ್ಟೋಮೀಟರಿಗೆ ಒಂದು ಹನಿ ಹಾಕಿ ಚೀಲದ ಉಪ್ಪನ್ನು ಅಳೆದು, ಅಂಗಡಿಯವರು ಹೇಳಿದ್ದಕ್ಕೆ ತಾಳೆಯಾಯಿತೆಂದರೆ ಅನಿಮೋನ್ ಅನ್ನು ಕೂಡಲೇ ಡಬ್ಬಿಗೆ ದಾಟಿಸಿ. ಬಲೆ ಬೇಡ, ಕರಬಳ್ಳಿ ಸಿಕ್ಕಿ ಹರಿಯುತ್ತದೆ. ಕೈಗವಸು ಹಾಕಿದ ಅಂಗೈ ಸಾಕು. ಪಾದ ಚೀಲಕ್ಕೆ ಕಚ್ಚಿಕೊಂಡಿದ್ದರೆ ಎಳೆಯಬೇಡಿ. ಪ್ಲಾಸ್ಟಿಕ್ಕಿನ ಹೊರಗಿನಿಂದ ಹೆಬ್ಬೆರಳಲ್ಲಿ ಅಂಚಿನಿಂದ ಮೆಲ್ಲಗೆ ಒತ್ತುತ್ತ ಬಂದರೆ ತಾನೇ ಬಿಡುತ್ತದೆ. ಚೀಲದ ನೀರು ಚರಂಡಿಗೆ.

ಇನ್ನು ಹನಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐವಿ ಸೆಟ್‌ಗಿಂತ ಒಳ್ಳೆಯ ಸಾಧನ ಇದಕ್ಕಿಲ್ಲ. ಸೂಜಿ ಕತ್ತರಿಸಿ ಬಿಸಾಡಿ, ಕೊಳವೆಯನ್ನು ಶುದ್ಧ ನೀರಿನಲ್ಲಿ ತೊಳೆದು, ಒಂದು ತುದಿಯನ್ನು ಟ್ಯಾಂಕಿಗೆ, ಇನ್ನೊಂದನ್ನು ಕೆಳಗಿನ ಡಬ್ಬಿಗೆ ಕಟ್ಟಬೇಕು. ಸಾಮಾನ್ಯ ಸೆಟ್‌ನಲ್ಲಿ 20 ಹನಿಗೆ ಒಂದು ಮಿಲಿಲೀಟರ್, ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ. ಉರುಳೆ ತಿರುವಿ ಸೆಕೆಂಡಿಗೆ 5 ಹನಿ ಇಟ್ಟರೆ ಗಂಟೆಗೆ 900 ಮಿಲಿಲೀಟರ್. ಒಂದು ಗಂಟೆ ದಾಟುವ ಹೊತ್ತಿಗೆ ಡಬ್ಬಿಯ ನೀರು ಇಮ್ಮಡಿಯಾಗಿ 27 ಇದ್ದದ್ದು 31ಕ್ಕೆ ಬರುತ್ತದೆ. ಅರ್ಧ ನೀರು ಚೆಲ್ಲಿ ಮತ್ತೆ ಹನಿ ಬಿಟ್ಟರೆ 33, ಮತ್ತೊಮ್ಮೆ ಮಾಡಿದರೆ 34. ಅಲ್ಲಿಗೆ ಸಾಕು, ಒಳಗೆ ಬಿಡಬಹುದು. ಏರಿಕೆ ಮೊದಲ ಗಂಟೆಯಲ್ಲೇ ಹೆಚ್ಚು ಎನ್ನುವುದನ್ನು ಗಮನಿಸಿ. ಅಲ್ಲಿ ಹನಿಯನ್ನು ಇನ್ನೂ ನಿಧಾನ ಮಾಡಿದರೆ ತಪ್ಪಿಲ್ಲ. ನೀರು ಶುದ್ಧವಾಗಿರುವುದರಿಂದ ಆತುರಪಡಬೇಕಾದ ಕಾರಣವೇ ಉಳಿದಿಲ್ಲ.

ಆರ್‌ಓ ನೀರು ಎಂದೆನಲ್ಲ, ಅಡುಗೆಮನೆಯ ಮೆಷಿನ್ನಿನದು ಹಾಗೇ ನಡೆಯುವುದಿಲ್ಲ. ನಾಗಪುರದ ನಲ್ಲಿಗೆ ಬರುವುದು ಪೆಂಚ್ ಯೋಜನೆ ಮತ್ತು ಕನ್ಹಾನ್ ನದಿಯ ನೀರು, ಕ್ಲೋರಿನ್ ಹಾಕಿದ್ದು. ಅಪಾರ್ಟ್‌ಮೆಂಟುಗಳಲ್ಲಿ ಅದಕ್ಕೆ ಬೋರ್‌ವೆಲ್ ಗಡಸೂ ಸೇರುತ್ತದೆ. ಕುಡಿಯುವ ಆರ್‌ಓಗಳಲ್ಲಿ ರುಚಿಗೆಂದು ಖನಿಜ ಮರಳಿ ಸೇರಿಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಅದನ್ನು ಮುಚ್ಚಿಸಿ, ಕೊನೆಗೆ ಡಿಐ ರೆಸಿನ್ನಿನ ಒಂದು ಕ್ಯಾನಿಸ್ಟರ್ ಕೂಡಿಸಿ, ಮೀಟರ್ ಸೊನ್ನೆ ತೋರಿಸಿದ ನೀರಿಗೇ ಉಪ್ಪು ಬೆರೆಸಬೇಕು. ತಾಮ್ರವಿರುವ ಮೀನಿನ ಔಷಧಿಯನ್ನು ಎಂದಾದರೂ ಹಾಕಿದ ಟ್ಯಾಂಕಿಗಂತೂ ಅನಿಮೋನ್ ತರಲೇಬಾರದು.

ಊರಿನ ಬೇಸಿಗೆ ಇದೆಲ್ಲದರ ಮೇಲಿನ ಪರೀಕ್ಷೆ. ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ 44, 45 ಡಿಗ್ರಿ ಇರುವಾಗ ಅನಿಮೋನ್‌ಗೆ ಬೇಕಾದದ್ದು 25–26. ಚಿಲ್ಲರ್ ಕೊಳ್ಳುವ ಶಕ್ತಿಯಿಲ್ಲದವರು ನೀರಿನ ಮೇಲೆ ಫ್ಯಾನ್ ಹಾಯಿಸುತ್ತಾರೆ. ನಾಗಪುರದ ಒಣಗಾಳಿಗೆ ಅದು ನಿಜಕ್ಕೂ ಕೆಲಸ ಮಾಡುತ್ತದೆ, ನೀರು ಆವಿಯಾಗಿ ತಣಿಯುತ್ತದೆ. ಆದರೆ ಅದೇ ಕೋಣೆಯಲ್ಲಿ ಕೂಲರ್ ಓಡಿಸಿದರೆ ಗಾಳಿಯಲ್ಲಿ ತೇವ ತುಂಬಿ ಫ್ಯಾನಿನ ಪ್ರಯೋಜನ ತಗ್ಗುತ್ತದೆ. ಮನೆಯವರಿಗೆ ಕೂಲರ್, ಟ್ಯಾಂಕಿಗೆ ಫ್ಯಾನ್ ಎಂದಾದರೆ ಎರಡೂ ಬೇರೆ ಬೇರೆ ಕೋಣೆಯಲ್ಲಿರಲಿ. ಇನ್ನೊಂದು: ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. 200 ಲೀಟರ್ ಟ್ಯಾಂಕಿನಿಂದ 6 ಲೀಟರ್ ಹಾರಿದರೆ 35 ಇದ್ದ ಲವಣಾಂಶ 36 ದಾಟುತ್ತದೆ. ಆ ಜಾಗಕ್ಕೆ ಉಪ್ಪುನೀರು ಸುರಿಯದೆ ಬರಿಯ ಆರ್‌ಓ ನೀರನ್ನೇ, ದಿನಕ್ಕೊಮ್ಮೆಯಲ್ಲ, ತಾನಾಗಿ ತುಂಬುವ ಫ್ಲೋಟ್ ವಾಲ್ವ್ ಇಟ್ಟು ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಈ ಏರಿಳಿತ ನಿಂತಿರುವ, ಕಡಿಮೆಯೆಂದರೆ ಆರು ತಿಂಗಳು ಹಳೆಯದಾದ ಟ್ಯಾಂಕಿಗೆ ಮಾತ್ರ ಅನಿಮೋನ್ ತರಬೇಕು. ವರ್ಷ ತುಂಬಿದ್ದರೆ ಇನ್ನೂ ಒಳಿತು. ಕುಮಟಾದ ಹುಡುಗನಿಗೆ ಆರ್ಡರನ್ನು ದೀಪಾವಳಿಯ ನಂತರಕ್ಕೆ ಮುಂದೂಡು ಎಂದಿದ್ದೇನೆ. ಅವನ ಟ್ಯಾಂಕಿಗೆ ಮೂರೇ ತಿಂಗಳು.

ಒಳಗೆ ಬಿಡುವಾಗ ಪಂಪುಗಳೆಲ್ಲ ನಿಂತಿರಲಿ. ಪಾದ ಇಳಿಬಿಡಲು ಸಂದಿಯಿರುವ ಕಲ್ಲಿನ ಮೇಲೆ ಇಟ್ಟು, ಅದು ಹಿಡಿದುಕೊಳ್ಳುವವರೆಗೆ ಕಾದು, ಆಮೇಲೆ ನೀರಿನ ಓಟ ಶುರುಮಾಡಿ. ನೀವು ಆರಿಸಿದ ಜಾಗದಲ್ಲೇ ಅದು ಕೂರುತ್ತದೆಂಬ ಭರವಸೆಯಿಲ್ಲ. ಮೊದಲ ವಾರಗಳಲ್ಲಿ ರಾತ್ರಿ ಹೊತ್ತು ತೆವಳುತ್ತದೆ. ಪವರ್‌ಹೆಡ್‌ಗೂ ಹೀಟರಿಗೂ ಸ್ಪಂಜೋ ಜಾಲರಿಯೋ ತೊಡಿಸಿರಬೇಕು. ಬೆಳಕು ಮೊದಲ ದಿನ ಬೇಡ. ಕತ್ತಲ ಚೀಲದಿಂದ ಬಂದ ಪಾಚಿಯ ಮೇಲೆ ಎಲ್‌ಇಡಿಯ ಪೂರ್ತಿ ಬೆಳಕು ಬಿದ್ದರೆ ಅದು ಹಾನಿಕರ ಆಮ್ಲಜನಕ ಬಿಡುಗಡೆ ಮಾಡುತ್ತದೆ, ಅನಿಮೋನ್ ಆ ಪಾಚಿಯನ್ನೇ ಹೊರಹಾಕುತ್ತದೆ. ನಾಲ್ಕನೇ ಒಂದು ಭಾಗದಿಂದ ಶುರುಮಾಡಿ ಮೂರು ವಾರಕ್ಕೆ ಪೂರ್ತಿಗೆ ತಲುಪಿದರೆ ಸರಿ.

ಎರಡನೇ ದಿನವೋ ಮೂರನೇ ದಿನವೋ ಅದು ಇದ್ದಕ್ಕಿದ್ದಂತೆ ಕುಗ್ಗಿ, ಬಾಯಿಂದ ಕಂದು ಲೋಳೆಯ ಎಳೆ ಬಿಟ್ಟಾಗ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಒಳಗಿನ ಹಳೆಯ ನೀರು, ಹೊಲಸು ಚೆಲ್ಲುತ್ತಿದೆ ಅಷ್ಟೆ, ಕೆಲವು ಗಂಟೆಗಳಲ್ಲಿ ಮತ್ತೆ ಉಬ್ಬುತ್ತದೆ. ಬಾಯಿ ದಿನವಿಡೀ ತೆರೆದು ಒಳಗಿನದು ಹೊರಬಂದಿದ್ದರೆ, ಪಾದ ಎಲ್ಲೂ ಹಿಡಿಯದಿದ್ದರೆ, ಮೈ ಕರಗಿ ದುರ್ವಾಸನೆ ಹೊಡೆದರೆ ಮಾತ್ರ ಕ್ಷಣವೂ ತಡಮಾಡದೆ ತೆಗೆಯಬೇಕು. ಸತ್ತ ಒಂದು ಅನಿಮೋನ್ ಸಣ್ಣ ಟ್ಯಾಂಕಿನ ಮಿಕ್ಕೆಲ್ಲವನ್ನೂ ಕೊಲ್ಲಬಲ್ಲದು.

ಊಟ ವಾರದ ಮೇಲೆ, ಸಿಪ್ಪೆ ತೆಗೆದು ತೊಳೆದ ಸೀಗಡಿಯ ಬಟಾಣಿಯಷ್ಟು ತುಂಡು. ದೊಡ್ಡದು ಕೊಟ್ಟರೆ ಮರುದಿನ ಕಕ್ಕುತ್ತದೆ. ಕ್ಲೌನ್ ಮೀನು ಇನ್ನೂ ಆಮೇಲೆ. ಹೊಸ ಅನಿಮೋನ್ ಬೇರೂರುವ ಮೊದಲೇ ಜೋಡಿ ಮೀನು ಅದರೊಳಗೆ ಹೊರಳಾಡಿದರೆ ಅದು ಅರಳುವುದೇ ಇಲ್ಲ. ಮೊದಲೇ ಮೀನು ಇದ್ದರೆ ನಡುವೆ ಜಾಲರಿಯ ಡಬ್ಬಿ ಇಡಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನನ್ನು ಹ್ಯಾಚರಿಯಲ್ಲಿ ಬೆಳೆಸುವ ವಿಧಾನ ರೂಪಿಸಿದೆ. ಅಂಥ ಮೀನು ಹುಟ್ಟಿದಾಗಿನಿಂದ ಅನಿಮೋನ್ ಕಂಡೇ ಇರುವುದಿಲ್ಲ. ಕೆಲವು ಅದೇ ದಿನ ಹತ್ತಿರ ಹೋಗಿ ಬಾಲದ ತುದಿ ತಾಗಿಸಿ ನೋಡುತ್ತವೆ, ಕೆಲವು ತಿಂಗಳುಗಟ್ಟಲೆ ತಿರುಗಿಯೂ ನೋಡುವುದಿಲ್ಲ. ಅನಿಮೋನ್ ಇಲ್ಲದೆಯೂ ಆ ಮೀನು ಟ್ಯಾಂಕಿನಲ್ಲಿ ಆರೋಗ್ಯವಾಗಿ ಬದುಕುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಮೀನಿನ ಸಲುವಾಗಿ ಅನಿಮೋನ್ ಕೊಳ್ಳುವ ಯೋಚನೆಯಿದ್ದರೆ ಕೊಳ್ಳಬೇಡಿ.